ಮೇನ್ ಸ್ವಿಚ್ಚೂ ಇಪ್ಪತ್ತೆರಡು ಪೆಂಗ್ವಿನ್ನುಗಳೂ

ಬೆಳಗ್ಗೆ ಒಂಬತ್ತೂಕಾಲಿಗೆ ಹಜಾರದ ಮೂಲೆಯಲ್ಲಿದ್ದ ಕರೆಂಟಿನ ಡಬ್ಬದೊಳಗಿಂದ 'ಟಪ್' ಎಂದು ಸದ್ದು ಬಂತು. ಹಲ್ಲಿಯೊಂದು ಗೋಡೆಯಿಂದ ನೆಲಕ್ಕೆ ಬಿದ್ದರೆ ಬರುವಷ್ಟೇ ಸದ್ದು. ಆದರೆ ಅದರ ಬೆನ್ನಿಗೇ ಫ್ಯಾನು ನಿಧಾನವಾಯಿತು, ಫ್ರಿಜ್ಜು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು, ಟೈಲರಮ್ಮನ ಹೊಲಿಗೆ ಯಂತ್ರ ಪೆಂಗ್ವಿನ್ನಿನ ಕಂಕುಳಲ್ಲಿ ಸೂಜಿ ಚುಚ್ಚಿದ್ದು ಚುಚ್ಚಿದ ಹಾಗೇ ನಿಂತುಬಿಟ್ಟಿತು.

ಅವಳು ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಒಂದು ನಿಮಿಷ ಕೂತಳು. ಒಳ್ಳೆಯ ಮಾತಿನಲ್ಲಿ ಹೇಳಿದರೆ ಕರೆಂಟು ಕೇಳಬಹುದೇನೋ ಎಂಬಂತೆ. ಆಮೇಲೆ ಕಿಟಕಿಯಿಂದ ಇಣುಕಿದಳು. ಎದುರುಮನೆಯ ರೇಡಿಯೋ ಹಾಡುತ್ತಲೇ ಇತ್ತು. ಅಂದರೆ ಹೋಗಿರುವುದು ಊರಿನ ಕರೆಂಟಲ್ಲ, ಇವಳದು ಮಾತ್ರ.

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಅವಳ ಹೊಲಿಗೆಗೆ ಕೆಲಸ ಎಂಬ ಹೆಸರಿರಲಿಲ್ಲ. ಗಂಡ ಯಾರಿಗಾದರೂ ಹೇಳುವಾಗ, "ಅವಳಾ? ಮನೇಲೇ ಇರ್ತಾಳೆ, ಹೊತ್ತು ಹೋಗ್ಬೇಕಲ್ಲ, ಏನೋ ಹೊಲೀತಾಳೆ" ಎನ್ನುತ್ತಿದ್ದರು. ಹದಿನೆಂಟು ವರ್ಷಗಳಿಂದ ಅವಳ ಹೊತ್ತು ಹೀಗೆ ಹೋಗುತ್ತಿತ್ತು, ಬೆನ್ನುಮೂಳೆಯನ್ನೂ ಜೊತೆಗೆ ಕರೆದುಕೊಂಡು.

ಇವತ್ತಿನದು ಅಂಥಿಂಥ ಹೊಲಿಗೆಯಲ್ಲ. ಶಾಲೆಯ ನಾಟಕಕ್ಕೆ ಇಪ್ಪತ್ತೆರಡು ಪೆಂಗ್ವಿನ್ ಉಡುಪು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಹಳದಿ ಕೊಕ್ಕು, ಎರಡು ರೆಕ್ಕೆ. ಸಂಜೆ ಐದಕ್ಕೆ ಡ್ರಿಲ್ ಮೇಷ್ಟ್ರು ಬಂದು ಒಯ್ಯುತ್ತಾರೆ. ಹದಿನಾರು ಮುಗಿದು ಅಂಗಳದ ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಆರು ಬಾಕಿ. ಹೆಡ್‌ಮೇಡಮ್ಮು ಬಟ್ಟೆ ಕೊಡುವಾಗಲೇ ಹೇಳಿದ್ದರು: "ಹೊತ್ತಿಗೆ ಸರಿಯಾಗಿ ಕೊಟ್ಟುಬಿಡಿ. ಗೇಟಿನ ಪಕ್ಕ ಒಂದು ಕೋಣೆ ಖಾಲಿ ಇದೆ. ಶಾಲೆಯ ಹೊಲಿಗೆಯೆಲ್ಲ ನಿಮಗೇ ಕೊಟ್ಟು ಅಲ್ಲೇ ಕೂರಿಸೋಣ ಅಂತಿದ್ದೀನಿ."

ಕೋಣೆ. ತನ್ನದೇ ಬಾಗಿಲು, ತನ್ನದೇ ಚಿಲಕ. ಬೆಳಗ್ಗೆ ಹೋಗಿ ಕೂತರೆ ಸಂಜೆಯವರೆಗೂ 'ಅದೆಲ್ಲಿ, ಇದೆಲ್ಲಿ' ಎಂದು ಯಾರೂ ಕೇಳದ ಜಾಗ. ಮೂರು ವಾರದಿಂದ ಅವಳು ಆ ಕೋಣೆಯ ಗೋಡೆಗೆ ಮನಸ್ಸಿನಲ್ಲೇ ಸುಣ್ಣ ಹೊಡೆಯುತ್ತಿದ್ದಳು, ಒಂದು ದಿನ ಬಿಳಿ, ಒಂದು ದಿನ ತಿಳಿ ಹಸಿರು.

ಅದಕ್ಕೇ ಇವತ್ತು ಅಡುಗೆಮನೆಗೂ ರಜೆ. ಕತ್ತರಿಸಿದ ಫೆಲ್ಟ್ ಬಟ್ಟೆಯನ್ನೆಲ್ಲ ಕಟ್ಟೆಯ ತುಂಬ ಹರಡಿ, ಕಿಡಿ ತಾಗೀತೆಂದು ಗ್ಯಾಸು ಬಂದ್ ಮಾಡಿ, ಲೈಟರನ್ನು ಸೆರಗಿಗೆ ಕಟ್ಟಿಕೊಂಡು, ಒಲೆಯ ಮೇಲೆ 'ಇವತ್ತು ಒಲೆ ಇಲ್ಲ' ಎಂದು ಚೀಟಿ ಅಂಟಿಸಿದ್ದಳು. ಚೀಟಿ ಅಂಟಿಸುವುದು ಅವಳು ಗಂಡನಿಂದ ಕಲಿತ ವಿದ್ಯೆ.

ಗಂಡ ಒಂದು ಗೋದಾಮಿನ ಸ್ಟೋರ್‌ಕೀಪರ್. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಚೀಟಿ ಅಂಟಿಸುವ ಮನುಷ್ಯ. ಸಕ್ಕರೆ ಡಬ್ಬಕ್ಕೆ 'ಸಕ್ಕರೆ', ಏಣಿಗೆ 'ಏಣಿ'. ನಿದ್ದೆಯಿಂದ ಎದ್ದಾಗ ಅವಳು ಒಮ್ಮೊಮ್ಮೆ ಕತ್ತಿನ ಹಿಂದೆ ಕೈಯಾಡಿಸಿ ನೋಡಿಕೊಳ್ಳುವುದಿತ್ತು, ತನಗೂ ಏನಾದರೂ ಅಂಟಿಸಿದ್ದಾರೋ ಎಂದು. ಈ ಮನೆಗೆ ಬಂದ ದಿನವೇ ಅವರು ಕರೆಂಟಿನ ಡಬ್ಬದ ಮುಂದೆ ನಿಂತು ಪ್ರತಿ ಸ್ವಿಚ್ಚಿನ ಕೆಳಗೂ ಚೀಟಿ ಹಚ್ಚಿದ್ದರು. ಹಜಾರ, ದೊಡ್ಡ ಕೋಣೆ, ಅಮ್ಮನ ಕೋಣೆ, ಅಡುಗೆಮನೆ, ಬಚ್ಚಲು. ಎಲ್ಲಕ್ಕಿಂತ ದಪ್ಪ ಸ್ವಿಚ್ಚಿನ ಕೆಳಗೆ ಕೆಂಪು ಶಾಯಿಯಲ್ಲಿ, 'ಮೇನ್. ಹೆಂಗಸರು ಮುಟ್ಟಬಾರದು.'

ಮನೆಯಲ್ಲಿ ಇದ್ದ ಹೆಂಗಸರು ಇಬ್ಬರೇ. ಅತ್ತೆಗೆ ಡಬ್ಬ ಎಟುಕುತ್ತಿರಲಿಲ್ಲ.

ಅವಳು ಫೋನು ತಿರುಗಿಸಿದಳು. "ರೀ, ಕರೆಂಟು ಹೋಯ್ತು."

"ಎಲ್ಲರ ಮನೇದೂನಾ?"

"ನಮ್ದು ಮಾತ್ರ. ದಪ್ಪ ಸ್ವಿಚ್ಚು ಕೆಳಗೆ ಬಿದ್ದಿದೆ. ಎತ್ಲಾ?"

"ಮುಟ್ಟಬೇಡ! ಟ್ರಿಪ್ ಆಗಿದೆ ಅದು. ಟ್ರಿಪ್ ಅಂದ್ರೆ ಏನು ಗೊತ್ತಾ ನಿಂಗೆ?"

"ಬಿದ್ದುಹೋಗೋದು."

"ಬರೀ ಬಿದ್ದುಹೋಗೋದಲ್ಲ ಕಣೇ! ಅದಕ್ಕೆಲ್ಲ ಕಾರಣ ಇರುತ್ತೆ. ಲೋಡು, ಶಾರ್ಟು, ಲೀಕೇಜು... ನಿಂಗೆ ಅದೆಲ್ಲ ಅರ್ಥ ಆಗಲ್ಲ, ಬಿಡು. ಮಹಡಿ ಮೇಲಿನವರನ್ನ ಕರಿ."

ಫೋನು ಕುಕ್ಕಿ ತಿರುಗಿದಾಗ ಯಂತ್ರದ ಪಕ್ಕದಲ್ಲಿ ಒಂದು ಲೋಟ ಟೀ ಹೊಗೆಯಾಡುತ್ತಿತ್ತು. ಹಲ್ಲು ಕಡಿಯುತ್ತಲೇ ಅದನ್ನು ಎತ್ತಿ ಗಟಗಟ ಕುಡಿದು, ಲೋಟ ಕುಕ್ಕಿ, ಮಹಡಿ ಹತ್ತಿದಳು.

ಮಹಡಿ ಮೇಲಿನವರಿಗೆ ಬೀದಿಯಲ್ಲಿ ವೋಲ್ಟೇಜ್ ಮಾವ ಎಂದೇ ಹೆಸರು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಸೀಲು ಒತ್ತಿದವರು. ನಿವೃತ್ತಿಯಾದ ಮೇಲೆ, ಮನೆಯಲ್ಲಿ ಯಾರೂ ಮಾತು ಕೇಳದ ಕಾರಣ, ಕರೆಂಟಿನ ಮೇಲೆ ಪ್ರೀತಿ ಬೆಳೆಸಿಕೊಂಡಿದ್ದರು. ಬನಿಯನ್ನಿನ ಮೇಲೆ ಟವೆಲು ಹೊದ್ದು, ರಬ್ಬರ್ ಚಪ್ಪಲಿ ಮೆಟ್ಟಿ, ಜಾದೂಗಾರನ ಗತ್ತಿನಲ್ಲಿ ಬಂದು, ದಪ್ಪ ಸ್ವಿಚ್ಚನ್ನು ಒಂದೇ ಬೆರಳಿನಲ್ಲಿ ಮೇಲೆತ್ತಿದರು. ಫ್ಯಾನು ತಿರುಗಿತು.

"ಇಷ್ಟೇನಾ?" ಎಂದಳು ಟೈಲರಮ್ಮ.

"ಇಷ್ಟೇ ಅಂದ್ಕೋಬೇಡ ತಾಯಿ. ಕೂತ್ಕೋ, ಹೇಳ್ತೀನಿ."

"ಮಾವ, ನಂಗೆ ಆರು ಪೆಂಗ್ವಿನ್ ಬಾಕಿ ಇದೆ."

"ಎರಡೇ ನಿಮಿಷ. ಕರೆಂಟು ಅಂದ್ರೆ ನೀರು ಇದ್ದ ಹಾಗೆ. ವೋಲ್ಟೇಜು ಅಂದ್ರೆ ನೀರಿನ ಒತ್ತಡ. ಆಂಪಿಯರ್ ಅಂದ್ರೆ ಎಷ್ಟು ನೀರು ಹರೀತಿದೆ ಅಂತ. ವೈರು ಅಂದ್ರೆ ಪೈಪು. ಫೇಸ್‌ನಲ್ಲಿ ಬರುತ್ತೆ, ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತೆ." ಹೇಳುತ್ತಾ ಹೇಳುತ್ತಾ ಅವರು ಅವಳ ಮೇಜಿನ ಮೇಲಿದ್ದ ಕಪ್ಪು ದಾರದುಂಡೆ ಬಿಚ್ಚಿ ಫೇಸ್ ಮಾಡಿದರು, ಬಿಳಿ ದಾರ ಬಿಚ್ಚಿ ನ್ಯೂಟ್ರಲ್ ಮಾಡಿದರು. ಹಜಾರದ ಈ ತುದಿಯಿಂದ ಆ ತುದಿಗೆ ಎರಡನ್ನೂ ಎಳೆದು, ನಡುವೆ ಗಂಟು ಹಾಕಿ, "ಇದು ನೋಡು ಶಾರ್ಟ್ ಸರ್ಕ್ಯೂಟು!" ಎಂದು ನಕ್ಕರು.

ಆ ಗಂಟನ್ನು ಬಿಡಿಸುವುದಕ್ಕೆ ತನಗೆ ಎಷ್ಟು ಹೊತ್ತು ಬೇಕು ಎಂದು ಟೈಲರಮ್ಮ ಲೆಕ್ಕ ಹಾಕುತ್ತಿದ್ದಳು. ಅತ್ತೆ ಸೆರಗಿನಲ್ಲಿ ಬಿಸಿ ಲೋಟ ಹಿಡಿದು ಬಂದು, "ತಗೊಳ್ಳಿ, ಟೀ ಕುಡೀರಿ" ಎಂದು ಮಾವನ ಮುಂದೆ ಇಡುವುದಕ್ಕೂ ತುಸು ಮೊದಲು ಡಬ್ಬದಲ್ಲಿ ಮತ್ತೆ 'ಟಪ್' ಎಂದಿತ್ತು.

"ನೋಡಿದ್ಯಾ?" ಎಂದರು ಮಾವ, ಟೀ ಹೀರುತ್ತಾ, ತಮ್ಮ ಪಾಠಕ್ಕೆ ಪ್ರಯೋಗವೂ ಒದಗಿತೆಂಬ ಸಂತೋಷದಲ್ಲಿ. "ಲೋಡು. ನಿನ್ನ ಇಸ್ತ್ರಿಪೆಟ್ಟಿಗೆ, ಹೊಲಿಗೆ ಮಷೀನು, ಅಂಚು ಕಟ್ಟೋ ಮಷೀನು. ಮೂರೂ ಸೇರಿ ಪೈಪು ಒಡೀತಿದೆ. ಎಲ್ಲಾ ತೆಗೆದುಬಿಡು."

"ಎಲ್ಲಾ ತೆಗೆದ್ರೆ ಹೊಲಿಯೋದು ಹೇಗೆ?"

"ಹೊಲೀಬೇಡ. ಕರೆಂಟು ಇರುತ್ತಲ್ಲ!"

ಅವಳ ಮೈ ಉರಿದುಹೋಯಿತು. ಹಿಂದೆ ಅವಳದು ಕಾಲಲ್ಲಿ ತುಳಿಯುವ ಯಂತ್ರವೇ ಆಗಿತ್ತು. ಯಾವ ಕರೆಂಟಿನ ಹಂಗೂ ಇಲ್ಲದೆ ಟಕಟಕ ಓಡುತ್ತಿತ್ತು. ಹೋದ ವರ್ಷ ಗಂಡ, 'ಹಳೇ ಕಾಲದ್ದು, ಜಾಗ ತಿನ್ನುತ್ತೆ' ಎಂದು ಅದರ ಸ್ಟ್ಯಾಂಡನ್ನು ಗುಜರಿಗೆ ಹಾಕಿ, ಮೋಟಾರು ಕೂರಿಸಿ, ಮೋಟಾರಿನ ಮೇಲೆ 'ಮೋಟಾರು' ಎಂದು ಚೀಟಿ ಹಚ್ಚಿದ್ದರು.

ದಾರದ ಗಂಟನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸುತ್ತಿದ್ದಾಗ ಎದುರುಮನೆಯಾಕೆ ಒಳಗೆ ಬಂದಳು. ಬೀದಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಈಕೆಗೆ ಮೊದಲು ಸೀನು ಬರುತ್ತಿತ್ತು. ಮಾವ ಎರಡನೇ ಸಲ ಸ್ವಿಚ್ಚು ಎತ್ತುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಲೋಡೂ ಅಲ್ಲ ಗೀಡೂ ಅಲ್ಲ" ಎಂದು ತೀರ್ಪು ಕೊಟ್ಟಳು. "ಅರ್ಥಿಂಗ್ ಒಣಗಿದೆ ಕಣ್ರೀ. ನಮ್ಮಣ್ಣನ ಮನೇಲೂ ಹೀಗೇ ಆಗಿತ್ತು. ಮೆಟ್ಟಿಲ ಪಕ್ಕ ಭೂಮೀಲಿ ಪೈಪು ಹೂತಿರ್ತಾರಲ್ಲ, ಅದಕ್ಕೆ ಉಪ್ಪುನೀರು ಹೊಯ್ಯಬೇಕು. ಇಲ್ಲಾಂದ್ರೆ ಕರೆಂಟು ಎಲ್ಲಿಗೆ ಹೋಗುತ್ತೆ ಹೇಳಿ, ಪಾಪ?"

"ಅಕ್ಕ, ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ..."

"ನೀವು ಸುಮ್ನಿರಿ, ನಿಮಗೆ ಗೊತ್ತಾಗಲ್ಲ. ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ."

ಅಷ್ಟು ಹೇಳುವ ಹೊತ್ತಿಗೆ ಎದುರುಮನೆಯಾಕೆ 'ಉಪ್ಪು' ಎಂದು ಚೀಟಿ ಇದ್ದ ಡಬ್ಬವನ್ನು ಅಡುಗೆಮನೆಯಿಂದ ತಂದೇ ಆಗಿತ್ತು. ಬಚ್ಚಲಿನ ಬಕೆಟ್ಟಿಗೆ ಉಪ್ಪು ಸುರಿದು, ಕೈಯಲ್ಲಿ ಕದಡಿ, ಅಂಗಳಕ್ಕೆ ನಡೆದಳು. ಟೈಲರಮ್ಮ ಹಾಳಾಗಿ ಹೋಗಲಿ ಎಂದು ಯಂತ್ರದ ಮುಂದೆ ಕೂತಳು. ಹದಿನೇಳನೆಯದರ ಬೆನ್ನು ಮುಗಿದು ರೆಕ್ಕೆಗೆ ಬರುವಷ್ಟರಲ್ಲಿ ಹೊರಗೆ 'ಅಯ್ಯಯ್ಯೋ' ಎಂದು ಕೂಗು ಕೇಳಿತು.

ಬಕೆಟ್ಟಿನ ಹಿಡಿ ಕಳಚಿಕೊಂಡಿತ್ತು. ಅರ್ಥಿಂಗ್ ಪೈಪಿಗೆ ಒಂದು ಲೋಟ ನೀರು ಬಿದ್ದಿದ್ದರೆ ಹೆಚ್ಚು. ಉಳಿದ ಬಕೆಟ್ಟೆಲ್ಲ ಹಗ್ಗದ ಮೇಲಿದ್ದ ಪೆಂಗ್ವಿನ್ನುಗಳ ಬಿಳಿ ಹೊಟ್ಟೆಗೆ, ಒಂದೆರಡಲ್ಲ, ಆರಕ್ಕೆ.

"ಪರವಾಗಿಲ್ಲ ಬಿಡಿ" ಎಂದಳು ಎದುರುಮನೆಯಾಕೆ, ತಾನೇ ತನಗೆ ಕ್ಷಮೆ ಕೊಟ್ಟುಕೊಳ್ಳುತ್ತಾ. "ಪೆಂಗ್ವಿನ್ನು ಸಮುದ್ರದಲ್ಲೇ ತಾನೇ ಇರೋದು?"

ಟೈಲರಮ್ಮನ ಬಾಯಿಗೆ ಬಂದ ಮಾತು ಅಷ್ಟಿಷ್ಟಲ್ಲ. ಆದರೆ ಅತ್ತೆ ಅಲ್ಲಿಗೂ ಲೋಟ ಹಿಡಿದು ಬಂದು, "ಕೆಲಸ ಮಾಡಿ ದಣಿದಿದ್ದೀಯ, ಮೊದ್ಲು ಟೀ ಕುಡಿಯಮ್ಮ" ಎಂದು ಆಕೆಯನ್ನು ಉಪಚರಿಸುತ್ತಿದ್ದರು. ತನ್ನ ಕೈಗೂ ಒಂದು ಲೋಟ ಬಂತು. ಮಾತನ್ನೂ ಟೀಯನ್ನೂ ಒಟ್ಟಿಗೇ ನುಂಗಿ, ಒದ್ದೆ ಹೊಟ್ಟೆಗಳನ್ನು ಬಾಚಿಕೊಂಡು ಒಳಗೆ ಬಂದರೆ ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಮೂರನೇ ಸಲ ಕರೆಂಟು ಹೋಗಿತ್ತು. ಮಾವ ಮತ್ತೆ ಬಂದು ಸ್ವಿಚ್ಚು ಎತ್ತಿದರು.

ಹನ್ನೊಂದೂವರೆಗೆ ಎಲೆಕ್ಟ್ರಿಷಿಯನ್ ಬಂದ. ಗಂಡನೇ ಫೋನು ಮಾಡಿ ಕಳಿಸಿದ್ದು. ಕಿವಿಯ ಸಂದಿಗೆ ಟೆಸ್ಟರ್ ಸಿಕ್ಕಿಸಿಕೊಂಡು, ಬಾಗಿಲಲ್ಲೇ ನಿಂತು, ಟೈಲರಮ್ಮನ ಭುಜದ ಮೇಲಿಂದ ಒಳಗೆ ಕಣ್ಣಾಡಿಸಿ ಕೇಳಿದ:

"ಮನೇಲಿ ಯಾರೂ ಇಲ್ವಾ?"

"ನಾನಿಲ್ವಾ?"

"ಅಲ್ಲ ಅಕ್ಕ, ಗಂಡಸ್ರು ಯಾರಾದ್ರೂ... ಪ್ರಾಬ್ಲಂ ಏನು ಅಂತ ಹೇಳೋಕೆ."

"ಪ್ರಾಬ್ಲಂ ಏನೂಂತ ಹೇಳೋಕೆ ಗಂಡಸ್ರು ಬೇಕಾ? ನಾನೇ ಹೇಳ್ತೀನಿ ಕೇಳು. ದಪ್ಪ ಸ್ವಿಚ್ಚು ಬೀಳುತ್ತೆ. ಎತ್ತಿದ್ರೆ ನಿಲ್ಲುತ್ತೆ. ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಮತ್ತೆ ಬೀಳುತ್ತೆ. ಚಿಕ್ಕವು ಒಂದೂ ಬೀಳಲ್ಲ."

ಅವನು ಮೊದಲ ಸಲ ಅವಳ ಮುಖ ನೋಡಿದ. "ಚಿಕ್ಕವು ಬೀಳಲ್ಲ ಅಂದ್ರೆ ಲೋಡಲ್ಲ. ಲೋಡಾದ್ರೆ ಚಿಕ್ಕದು ಬೀಳಬೇಕು. ಇದು ಲೀಕೇಜ್ ಅಕ್ಕ. ಎಲ್ಲೋ ಕರೆಂಟು ಮೈಗೆ ಇಳೀತಿದೆ, ವೈರಿಂದ ಗೋಡೆಗೋ ತಗಡಿಗೋ. ಯಾರಿಗೂ ಶಾಕ್ ಹೊಡೀಬಾರದು ಅಂತ ಈ ದಪ್ಪದ್ದು ತಾನೇ ಬಿದ್ದು ಕಾಪಾಡುತ್ತೆ."

ಬೆಳಗ್ಗೆಯಿಂದ ಕೇಳಿದ ಮೊದಲ ಒಳ್ಳೆಯ ಮಾತು ಅದು. ಅವನೂ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ವೋಲ್ಟೇಜ್ ಮಾವ ಪೈಪಿನ ವಿಷಯ ತೆಗೆದರು, ಎದುರುಮನೆಯಾಕೆ ಅಣ್ಣನ ಮನೆಯ ವಿಷಯ ತೆಗೆದಳು. ಇಬ್ಬರ ಮುಂದೆ ಸೋಲಬಾರದೆಂದು ಅವನು ಹಜಾರದ ಸ್ವಿಚ್‌ಬೋರ್ಡನ್ನೇ ಗೋಡೆಯಿಂದ ಕಿತ್ತು ತಂತಿಯಲ್ಲೇ ನೇತಾಡಲು ಬಿಟ್ಟ. ಕಿತ್ತಾಗ ಅದರ ಹಿಂದಿನಿಂದ ಗಾರೆ ಪುಡಿಪುಡಿಯಾಗಿ ಹದಿನೆಂಟನೇ ಪೆಂಗ್ವಿನ್ನಿನ ಕಪ್ಪು ಬೆನ್ನ ಮೇಲೆ ಉದುರಿತು. ಅತ್ತೆ ಮೂವರಿಗೂ ಟೀ ತಂದರು. ಅದರ ಹಿಂದೆಮುಂದೆಯೇ 'ಟಪ್'.

"ಮುಗೀತು" ಎಂದ ಎಲೆಕ್ಟ್ರಿಷಿಯನ್, ಟೀ ಮುಗಿಸಿ. "ಪೂರ್ತಿ ವೈರಿಂಗ್ ತೆಗೆದು ಹೊಸದು ಹಾಕ್ಬೇಕು. ಗೋಡೆ ಒಡೀಬೇಕಾಗುತ್ತೆ. ನಾಳೆ ನಿಮ್ಮ ಯಜಮಾನ್ರ ಹತ್ರ ಮಾತಾಡ್ತೀನಿ."

"ಒಡೆಯೋದಾದ್ರೆ ಅಡುಗೆಮನೆ ಕಡೆಯಿಂದ ಶುರು ಮಾಡಿ" ಎಂದಳು ಎದುರುಮನೆಯಾಕೆ.

"ಇಲ್ಲ ಇಲ್ಲ, ಹಜಾರದಿಂದ" ಎಂದರು ಮಾವ.

ಮೂವರೂ ಅವಳ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡುತ್ತಾ ಎಲ್ಲಿಂದ ಒಡೆಯುವುದೆಂದು ಜಗಳಕ್ಕೆ ನಿಂತರು. ಟೈಲರಮ್ಮನ ಒಳಗೆ ಏನೋ ಕಡಿದುಹೋಯಿತು. ಹದಿನೆಂಟು ವರ್ಷದಿಂದ ನುಂಗಿದ ಮಾತುಗಳೆಲ್ಲ ಒಂದರ ಮೇಲೊಂದು ಮಡಿಸಿಟ್ಟ ಬಟ್ಟೆಯಂತೆ ಇದ್ದವು; ಯಾರೋ ಕೆಳಗಿನದನ್ನು ಎಳೆದರು. ಅವಳು ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡಳು. ಎತ್ತಿಕೊಂಡದ್ದು ಬಟ್ಟೆ ಕತ್ತರಿಸುವುದಕ್ಕೇ, ಆದರೆ ಮೂವರೂ ಹಿಂದೆ ಸರಿದರು.

"ಎಲ್ರೂ ಹೊರಗೆ ನಡೀರಿ!"

"ಅಲ್ಲ ತಾಯಿ, ನಾವು ಸಹಾಯಕ್ಕೆ..."

"ನಿಮ್ಮ ಸಹಾಯಾನೇ ನನಗೆ ಮುಳುವಾಗಿರೋದು! ಬೆಳಗ್ಗೆಯಿಂದ ನೋಡ್ತಿದ್ದೀನಿ. ನೀವು ಬಂದ್ರೆ ಕರೆಂಟು ಹೋಗುತ್ತೆ. ನೀವು ಹೋದ್ರೆ ಬರುತ್ತೆ. ಲೋಡೂ ಅಲ್ಲ, ಲೀಕೇಜೂ ಅಲ್ಲ, ಈ ಮನೆಗೆ ತಾಗಿರೋ ಶಾರ್ಟ್ ಸರ್ಕ್ಯೂಟು ನೀವೇ! ನಡೀರಿ!"

ಬಾಗಿಲು ಹಾಕಿ ಚಿಲಕ ಜಡಿದಳು. ಸ್ಟೂಲು ಎಳೆದುಕೊಂಡು ಡಬ್ಬದ ಮುಂದೆ ನಿಂತಳು. ಕೆಂಪು ಶಾಯಿಯ ಚೀಟಿಯನ್ನು ಒಂದು ಗಳಿಗೆ ನೋಡಿದಳು. ಮನೆಯ ಬಾಡಿಗೆ ಕರಾರಿನಿಂದ ಹಿಡಿದು ನಾದಿನಿಯ ಮದುವೆಯ ಓಡಾಟದವರೆಗೆ ಎಲ್ಲಕ್ಕೂ ಕೈಹಾಕಿದ ಈ ಬೆರಳುಗಳು ಒಂದು ಪ್ಲಾಸ್ಟಿಕ್ ತುಂಡನ್ನು ಮುಟ್ಟಬಾರದಂತೆ! ಚೀಟಿಯನ್ನು ಪರ್ರನೆ ಕಿತ್ತಳು. ಸ್ವಿಚ್ಚನ್ನು ಎತ್ತಿದಳು.

ಬಂತು. ಅಷ್ಟೇ. ಪ್ರಪಂಚವೇನೂ ಮುಳುಗಲಿಲ್ಲ.

ಕೈಹಾಕಿದ್ದು ಹಾಕಿಯಾಯಿತು, ಪೂರ್ತಿ ನೋಡಿಯೇ ಬಿಡೋಣ ಎಂದು ಚಿಕ್ಕ ಸ್ವಿಚ್ಚುಗಳನ್ನೂ ಒಂದೊಂದಾಗಿ ಆರಿಸಿ ಹಚ್ಚಿದಳು. 'ಹಜಾರ' ಎಂದದ್ದನ್ನು ಆರಿಸಿದರೆ ಬಚ್ಚಲ ದೀಪ ಹೋಯಿತು. 'ಅಡುಗೆಮನೆ' ಎಂದದ್ದನ್ನು ಆರಿಸಿದರೆ ಅತ್ತೆಯ ಕೋಣೆಯ ಫ್ಯಾನು ನಿಂತಿತು. 'ಬಚ್ಚಲು' ಎಂದದ್ದು ಹಜಾರದ್ದು. ಅವಳಿಗೆ ಮೊದಲು ನಂಬಿಕೆಯಾಗಲಿಲ್ಲ, ಆಮೇಲೆ ನಗು ಬಂತು, ನಗುವಿನ ಹಿಂದೆಯೇ ಇನ್ನಷ್ಟು ಸಿಟ್ಟು ಬಂತು. ಗಂಡ ಒಂದನ್ನೂ ಆರಿಸಿ ನೋಡಿರಲಿಲ್ಲ. ಮುಂಬಾಗಿಲಿಂದ ಹಿತ್ತಲವರೆಗೆ ನಡೆದರೆ ಕೋಣೆಗಳು ಸಿಗುವ ಸಾಲಿನಲ್ಲಿ ಚೀಟಿ ಅಂಟಿಸಿ, ಕೈ ತೊಳೆದುಕೊಂಡುಬಿಟ್ಟಿದ್ದರು. ಇದನ್ನು ನಂಬಿ ಇಷ್ಟು ವರ್ಷ ಬಲ್ಬು ಬದಲಿಸುವಾಗಲೆಲ್ಲ 'ಹಜಾರ' ಆರಿಸಿಯೇ ಹಜಾರದ ಸ್ಟೂಲು ಹತ್ತಿದ್ದರಲ್ಲ, ಬದುಕಿ ಉಳಿದದ್ದೇ ಹೆಚ್ಚು.

ಹಳೆಯ ಚೀಟಿಗಳನ್ನೆಲ್ಲ ಕಿತ್ತು, ಅಳತೆ ಬರೆಯುವ ಪುಸ್ತಕದಿಂದ ಬಿಳಿ ಕಾಗದ ಕತ್ತರಿಸಿ, ತನ್ನ ಅಕ್ಷರದಲ್ಲಿ ಬರೆದು ಅಂಟಿಸಿದಳು. ಮೇನ್ ಕೆಳಗೆ ಒಂದು ಕ್ಷಣ ಯೋಚಿಸಿ, 'ಮೇನ್. ಬಿದ್ದರೆ ಎತ್ತಬೇಕು' ಎಂದು ಬರೆದಳು.

ಆಮೇಲೆ ನಡೆದದ್ದು ಹೊಲಿಗೆ. ಹನ್ನೆರಡರಿಂದ ನಾಲ್ಕೂಮುಕ್ಕಾಲರವರೆಗೆ ಕರೆಂಟು ಮಿಸುಕಲಿಲ್ಲ. ಇಸ್ತ್ರಿ, ಮೋಟಾರು, ಅಂಚಿನ ಮಷೀನು ಮೂರೂ ಒಟ್ಟಿಗೇ ಓಡಿದವು, ಲೋಡಂತೆ ಲೋಡು! ಬ್ರೆಡ್ಡಿಗೆ ಜಾಮು ಸವರಿ ಅತ್ತೆಗೆ ಕೊಟ್ಟು, ತಾನು ನಿಂತಲ್ಲೇ ಎರಡು ತುಂಡು ತಿಂದು, ಒದ್ದೆ ಹೊಟ್ಟೆಗಳನ್ನು ಒಣಗಿಸಿದಳು, ಗಾರೆ ಝಾಡಿಸಿದಳು, ಹದಿನೇಳು, ಹದಿನೆಂಟು, ಹತ್ತೊಂಬತ್ತು ಎಂದು ಪೆಂಗ್ವಿನ್ನುಗಳನ್ನು ಹಗ್ಗಕ್ಕೆ ಏರಿಸಿದಳು. ಯಾರೂ ಬಾಗಿಲು ತಟ್ಟಲಿಲ್ಲ. ಅತ್ತೆ ಕೋಣೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ಬೈಗುಳಕ್ಕೆಂದು ಬಾಯಿಂದ ಬಂದ ಮಾತು ನಿಜವೇ ಆಯಿತಲ್ಲ ಎಂದು ಅವಳಿಗೇ ಬೆರಗು. ಆ ಮೂವರ ಕಾಲ್ಗುಣಕ್ಕೂ ದಪ್ಪ ಸ್ವಿಚ್ಚಿಗೂ ಅದೇನು ನಂಟೋ!

ಇಪ್ಪತ್ತೆರಡನೆಯದರ ಕೊಕ್ಕು ಮಾತ್ರ ಉಳಿದಿತ್ತು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಡ್ರಿಲ್ ಮೇಷ್ಟ್ರು, ಕಾಲು ಗಂಟೆ ಮುಂಚೆಯೇ. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಎರಡು ದೊಡ್ಡ ಚೀಲ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ, ಒಂದೇ ಒಂದು ಕೊಕ್ಕು" ಎಂದು ಚಿಲಕ ತೆಗೆದವಳೇ ಮತ್ತೆ ಪೆಡಲಿಗೆ ಕಾಲಿಟ್ಟಳು.

"ನಿಧಾನ ಮಾಡಿ. ಹೆಡ್‌ಮೇಡಮ್ಮು ಹೇಳಿದ್ದಾರೆ, ಹೇಗೆ ಹೊಲೀತಾರೆ ನೋಡ್ಕೊಂಡು ಬನ್ನಿ ಅಂತ. ಆ ಕೋಣೆ ವಿಷಯ ಇವತ್ತೇ ತೀರ್ಮಾನ ಮಾಡ್ತಾರಂತೆ."

ಅತ್ತೆ ಕಣ್ಣುಜ್ಜಿಕೊಂಡು ಹೊರಬಂದರು. ಮನೆಗೆ ಬಂದವರನ್ನು ಕಂಡರೆ ಅವರ ಮಂಡಿನೋವು ಮಾಯ. "ಯಾರೋ ಬಂದಿದ್ದಾರಲ್ಲ! ಇರಿ ಮೇಷ್ಟ್ರೇ, ಒಂದು ಲೋಟ ಟೀ ತರ್ತೀನಿ."

ಮೇಷ್ಟ್ರು ಪೆಂಗ್ವಿನ್ನು ಎಣಿಸತೊಡಗಿದರು. ಟೈಲರಮ್ಮ ಕೊಕ್ಕಿನ ಒಂದು ಮಗ್ಗುಲು ಮುಗಿಸಿ ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು.

ಟಪ್.

ಅವಳು ಪೆಡಲಿನಿಂದ ಕಾಲು ತೆಗೆದು ಸುತ್ತ ನೋಡಿದಳು. ಮಹಡಿಯವರಿಲ್ಲ. ಎದುರುಮನೆಯಾಕೆ ಇಲ್ಲ. ಎಲೆಕ್ಟ್ರಿಷಿಯನ್ ಇಲ್ಲ. ಮೇಷ್ಟ್ರಂತೂ ಯಾವ ತಂತಿಯನ್ನೂ ಮುಟ್ಟದೆ ಹದಿಮೂರು, ಹದಿನಾಲ್ಕು ಎನ್ನುತ್ತಾ ನಿಂತಿದ್ದಾರೆ. ಬೆಳಗ್ಗೆಯಿಂದ ಪ್ರತಿ ಸಲವೂ ಇದ್ದದ್ದು, ಮಧ್ಯಾಹ್ನವೆಲ್ಲ ಇಲ್ಲದಿದ್ದದ್ದು, ಈಗ ಮತ್ತೆ ಬಂದದ್ದು ಏನು?

ಲೈಟರು ಸೆರಗಿನಲ್ಲೇ ಇತ್ತು. ಒಲೆಯ ಮೇಲಿನ ಚೀಟಿ ಹಾಗೇ ಇತ್ತು. ಹಾಗಾದರೆ ಟೀ ಕುದಿಯುತ್ತಿರುವುದೆಲ್ಲಿ?

ಅವಳು ಎದ್ದು ಸೀದಾ ಅತ್ತೆಯ ಕೋಣೆಗೆ ಹೋದಳು. ಅತ್ತೆ ಮಂಚದ ಪಕ್ಕ ನೆಲದ ಮೇಲೆ ಕೂತು, ಹಳೆಯ ಶಾಲು ಸುತ್ತಿದ ಒಂದು ಕೆಟಲಿನ ಪ್ಲಗ್ಗನ್ನು ಗೋಡೆಯಿಂದ ಎಳೆಯುತ್ತಿದ್ದರು. ಪಕ್ಕದಲ್ಲಿ ಟೀ ಪುಡಿ, ಹಾಲಿನ ಪುಡಿ, ಸಕ್ಕರೆ. ಕೆಟಲಿನ ತಳದಿಂದ ಸಣ್ಣಗೆ ನೀರು ಜಿನುಗುತ್ತಿತ್ತು.

"ಅತ್ತೆ! ಇದು ಆ ಹಳೇ ಕೆಟಲ್ ಅಲ್ವಾ? ಶಾಕ್ ಹೊಡೆಯುತ್ತೆ, ಬಿಸಾಕಿ ಅಂತ ಅವ್ರು ಅವತ್ತೇ ಹೇಳಿದ್ರಲ್ಲ?"

"ಬಿಸಾಕೋಕೆ ಮನಸ್ಸು ಬರ್ಲಿಲ್ಲ ಕಣೇ. ಪೆಟ್ಟಿಗೇಲಿ ಇಟ್ಟಿದ್ದೆ. ಇವತ್ತು ನೀನು ಒಲೆ ಇಲ್ಲ ಅಂದ್ಯಲ್ಲ, ಅದಕ್ಕೇ ತೆಗೆದೆ. ಬಲು ಜಾಣ ಕೆಟಲು. ಅದರ ಡಬ್ಬದ ಮೇಲೆ ಬರೆದಿತ್ತು ನೋಡು, ನೀರು ಕುದಿದ್ರೆ ತಾನೇ ಆರಿಹೋಗುತ್ತೆ ಅಂತ. ಹಾಗೇ ಆರುತ್ತೆ! ನೀರು ಕುದಿದ ತಕ್ಷಣ ಕೆಟಲೂ ಆರುತ್ತೆ, ಫ್ಯಾನೂ ಆರುತ್ತೆ, ದೀಪಾನೂ ಆರುತ್ತೆ. ನಾನು ಪ್ಲಗ್ ಎಳೆದು ಟೀ ಸೋಸ್ತೀನಿ."

ಅತ್ತೆ ಲೋಟಕ್ಕೆ ಟೀ ಬಗ್ಗಿಸುತ್ತಾ ಮುಂದುವರಿಸಿದರು, ಯಾವ ಕುಹಕವೂ ಇಲ್ಲದ ದನಿಯಲ್ಲಿ. "ಬೆಳಗ್ಗೆಯಿಂದ ನೀನೇ ಎರಡು ಲೋಟ ಕುಡಿದೆ. ಯಾರು ಮಾಡಿದ್ರು, ಎಲ್ಲಿಂದ ಬಂತು ಅಂತ ಒಂದು ಮಾತು ಕೇಳ್ಲಿಲ್ಲ. ಥೇಟ್ ನನ್ನ ಮಗನ ಹಾಗೇ."

ಕೆನ್ನೆಗೆ ಹೊಡೆದ ಹಾಗಾಯಿತು. ಸಿಟ್ಟು ಇತ್ತು, ಬೇಕಾದಷ್ಟಿತ್ತು; ಆದರೆ ಅದನ್ನು ಯಾರ ಮೇಲೆ ಸುರಿಯುವುದು ಎಂದು ತಿಳಿಯದೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು, ಉಪ್ಪುನೀರಿನ ಬಕೆಟ್ಟಿನ ಹಾಗೆ. ಹದಿನೆಂಟು ವರ್ಷದಿಂದ ತನ್ನ ಮುಂದೆ ಲೋಟ ಖಾಲಿ ಮಾಡಿ ಎದ್ದುಹೋಗುವವರನ್ನು ಶಪಿಸಿದ್ದಳು. ಒಂದು ದಿನ ಕೆಲಸ ಎಂದು ಕೂತದ್ದಕ್ಕೆ ತಾನೂ ಅದನ್ನೇ ಮಾಡಿದ್ದಳು.

ಹೊರಗೆ ಬಂದು, ಮೇನ್ ಎತ್ತುವ ಗೋಜಿಗೂ ಹೋಗದೆ, ಕಿಟಕಿಯ ಬೆಳಕಿನಲ್ಲಿ ಸೂಜಿದಾರ ಹಿಡಿದು ಇಪ್ಪತ್ತೆರಡನೆಯ ಕೊಕ್ಕನ್ನು ಕೈಯಲ್ಲೇ ಹೊಲಿದಳು. ಏಳು ನಿಮಿಷ ಹಿಡಿಯಿತು. ಟೀ ಹೀರುತ್ತಿದ್ದ ಮೇಷ್ಟ್ರು ಬಾಯಿ ತೆರೆದುಕೊಂಡು ನೋಡಿದರು. "ಅಬ್ಬಾ! ಕರೆಂಟೇ ಬೇಡ ನಿಮಗೆ! ಹೆಡ್‌ಮೇಡಮ್ಮಿಗೆ ಹೇಳ್ತೀನಿ ಇರಿ" ಎಂದು ಪೆಂಗ್ವಿನ್ನುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು.

ಅವಳು ಮೇನ್ ಎತ್ತಿ, ನೆಲದ ಮೇಲಿನ ಬಟ್ಟೆ ಚೂರು ಗುಡಿಸಿದಳು. ಆರಕ್ಕೆ ಗಂಡ ಬಂದರು. ದಾರಿಯಲ್ಲೇ ಮಹಡಿಯವರೂ ಎದುರುಮನೆಯಾಕೆಯೂ ವರದಿ ಒಪ್ಪಿಸಿದ್ದರೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಚಪ್ಪಲಿ ಬಿಡುವುದಕ್ಕೂ ಮೊದಲು ಡಬ್ಬದ ಮುಂದೆ ನಿಂತರು.

"ನನ್ನ ಚೀಟಿಗಳೆಲ್ಲ ಎಲ್ಲಿ?"

"ತಪ್ಪಿದ್ವು. ಕಿತ್ತೆ."

"ತಪ್ಪಾ? ಇಷ್ಟು ವರ್ಷ ಇಲ್ಲದ ತಪ್ಪು ಇವತ್ತು ಕಾಣಿಸ್ತಾ? ಕಾರಣ ನಂಗೊತ್ತು. ನಿನ್ನ ಮಷೀನು. ಇವತ್ತಿಂದ ಅದಕ್ಕೆ ಕರೆಂಟಿಲ್ಲ."

ಬಾಗಿಲ ಸಂದಿಯಲ್ಲಿ ಅತ್ತೆ ನಿಂತಿದ್ದರು, ಶಾಲಿನೊಳಗೆ ಏನನ್ನೋ ಅವುಚಿಕೊಂಡು. ಟೈಲರಮ್ಮ ಬಾಯಿ ತೆರೆದಳು. ಹೇಳಿದರೆ ಯಂತ್ರ ಉಳಿಯುತ್ತದೆ, ಕೆಟಲು ಗುಜರಿಗೆ ಹೋಗುತ್ತದೆ, ಮುದುಕಿಯ ಕೋಣೆಯ ಪ್ಲಗ್ಗಿಗೆ ಕೆಂಪು ಚೀಟಿ ಬೀಳುತ್ತದೆ. ಹೇಳದಿದ್ದರೆ ಯಂತ್ರಕ್ಕೇ ಬೀಗ. ಅತ್ತೆಯ ಕಣ್ಣು ನೋಡಿದಳು. ನಾಳೆ ಮೊದಲ ಕೆಲಸ ತಾನೇ ಆ ಕೆಟಲನ್ನು ಬಿಸಾಡುವುದು, ಹೊಸದೊಂದು ತಂದುಕೊಡುವುದು ಎಂದುಕೊಂಡು ಬಾಯಿ ಮುಚ್ಚಿದಳು. ಕೋಣೆ ಸಿಕ್ಕರೆ ಮಷೀನು ಅಲ್ಲಿ ಓಡುತ್ತದೆ, ಈ ಮನೆಯ ಕರೆಂಟನ್ನು ಇವರೇ ಕಟ್ಟಿಕೊಂಡಿರಲಿ. ತಾನಾಗಿ ಎದ್ದು ಹೋಗಿ ಮಷೀನಿನ ಪ್ಲಗ್ಗು ಕಿತ್ತಳು.

"ಹಾಂ, ಹಾಗೆ" ಎಂದರು ಗಂಡ, ಕುರ್ಚಿಯಲ್ಲಿ ಕಾಲು ಚಾಚಿ. "ಒಂದು ಲೋಟ ಟೀ ಸಿಗುತ್ತಾ ಈ ಮನೇಲಿ?"

"ನಾನು ತರ್ತೀನಿ ಮಗಾ!" ಎಂದು ಅತ್ತೆ ಉತ್ಸಾಹದಿಂದ ಒಳಗೆ ಸರಿದರು.

ಟೈಲರಮ್ಮ ಕೂಗಿ ತಡೆಯಬಹುದಿತ್ತು. ತಡೆಯಲಿಲ್ಲ. ಪ್ಲಗ್ಗನ್ನು ಕೈಯಲ್ಲೇ ಹಿಡಿದುಕೊಂಡು, ಗಂಡನ ಎದುರಿಗೇ ಕೂತು, ಗಡಿಯಾರ ನೋಡತೊಡಗಿದಳು. ನಾಲ್ಕು ನಿಮಿಷ. ಐದು.

ಟಪ್.

"ನೋಡಿದ್ಯಾ! ನಿನ್ನ ಮಷೀನು!" ಎಂದು ಗಂಡ ಕುರ್ಚಿಯಿಂದ ಎಗರಿದರು.

ಅವಳು ಕೈ ಮುಂದೆ ಚಾಚಿದಳು. ಮೂರು ಹಿತ್ತಾಳೆ ಕಡ್ಡಿಗಳ ಪ್ಲಗ್ಗು ಅವರ ಮೂಗಿನ ಕೆಳಗೇ ತೂಗಾಡಿತು.

ಗಂಡ ಅದನ್ನು ನೋಡಿದರು, ಮಷೀನು ನೋಡಿದರು, ಮತ್ತೆ ಪ್ಲಗ್ಗು ನೋಡಿದರು. ಸೋಲುವ ಜಾತಿಯಲ್ಲ. "ಅದೇ ಹೇಳ್ತಿರೋದು ನಾನು. ಇಡೀ ದಿನ ಓಡಿಸಿದ್ದೀಯಲ್ಲ, ಅದರ ಪರಿಣಾಮ ಲೈನಲ್ಲಿ ಇನ್ನೂ ಉಳಿದಿದೆ. ನಿಂಗೆ ಅದೆಲ್ಲ ಅರ್ಥ ಆಗಲ್ಲ."

ಅವಳು ಉತ್ತರ ಕೊಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಡ್‌ಮೇಡಮ್ಮು.

"ಟೈಲರಮ್ಮ, ಪೆಂಗ್ವಿನ್ನು ಒಂದಕ್ಕಿಂತ ಒಂದು ಚೆನ್ನಾಗಿದೆ ಕಣ್ರೀ! ಕೋಣೆ ನಿಮಗೇ. ಮೂರು ಜನ ಕೇಳಿದ್ರು, ಎಲ್ರೂ ಮೋಟಾರ್ ಮಷೀನಿನವರು. ಆ ಕೋಣೆಗೆ ಕರೆಂಟಿನ ಲೈನೇ ಎಳೆಸಿಲ್ಲ ನೋಡಿ, ಎಳೆಸೋ ಯೋಚನೆಯೂ ಇಲ್ಲ. ಏನು ಮಾಡೋದಪ್ಪಾ ಅಂತಿದ್ದೆ. ಅಷ್ಟರಲ್ಲಿ ನಮ್ಮ ಮೇಷ್ಟ್ರು ಬಂದು ಹೇಳಿದ್ರು, ನೀವು ಕರೆಂಟೇ ಇಲ್ಲದೆ ಎಲ್ಲಾ ಕೈಯಲ್ಲೇ ಹೊಲೀತೀರಂತೆ! ಸೋಮವಾರದಿಂದ ಬಂದುಬಿಡಿ. ಮುನ್ನೂರು ಯೂನಿಫಾರಂ ಇದೆ."

ಅವಳು ಫೋನು ಕೆಳಗಿಟ್ಟಳು. ಬಿಳಿಯೂ ಅಲ್ಲದ ತಿಳಿ ಹಸಿರೂ ಅಲ್ಲದ ಗೋಡೆಯೊಂದು ಕಣ್ಣ ಮುಂದೆ ಬಂತು, ಅದರಲ್ಲಿ ಒಂದೇ ಒಂದು ಸ್ವಿಚ್ಚು ಇರಲಿಲ್ಲ. ಕೈಯಲ್ಲಿದ್ದ ಪ್ಲಗ್ಗನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಮೂರು ಗುಂಡಿ ಮೂಡಿತ್ತು.

ಅತ್ತೆ ಮಬ್ಬಿನಲ್ಲಿ ತಡವರಿಸುತ್ತಾ ಎರಡು ಲೋಟ ಹಿಡಿದು ಬಂದರು. ಒಂದು ಮಗನಿಗೆ, ಒಂದು ಸೊಸೆಗೆ. ವಿಷಯ ಕೇಳಿ ಮುಖ ಅರಳಿಸಿದರು.

"ಕೋಣೆ ಸಿಕ್ತಾ? ನಾನೂ ನಿನ್ನ ಜೊತೆ ಬಂದು ಕೂತ್ಕೋತೀನಿ ಕಣೇ. ಕೆಟಲ್ ತರ್ತೀನಿ."

"ಅಲ್ಲಿ ಕರೆಂಟಿಲ್ಲ ಅತ್ತೆ!" ಎಂದಳು ಅವಳು, ಹಲ್ಲು ಕಚ್ಚಿ.

ಅತ್ತೆ ಆರಿಹೋದ ದೀಪವನ್ನೊಮ್ಮೆ, ನಿಂತುಹೋದ ಫ್ಯಾನನ್ನೊಮ್ಮೆ ನೋಡಿದರು.

"ಅಯ್ಯೋ, ಇಲ್ಲಿ ಮಾತ್ರ ಎಲ್ಲಿದೆ?"